ಗುರುವಿಗೆ ಗುರು ಯಾರು?

ನಮಗೆ ಅಕ್ಷರ ಕಲಿಸಿದವರು ಯಾರೆಂದು ಕೇಳಿದರೆ ನಮ್ಮಲ್ಲಿ ಪ್ರತಿಯೊಬ್ಬರೂ ಒಂದು ಹೆಸರನ್ನು ಹೇಳಬಲ್ಲೆವು. ಆ ಉಪಾಧ್ಯಾಯರಿಗೆ ಕಲಿಸುವ ಬಗೆಯನ್ನು ಕಲಿಸಿದವರು ಯಾರೆಂದು ಕೇಳಿದರೆ ಮಾತ್ರ ಸುಮ್ಮನಾಗುತ್ತೇವೆ. ಮಗು ಶಾಲೆಯಲ್ಲಿ ನಿಲ್ಲುವುದೂ ಶಾಲೆ ಬಿಡುವುದೂ ಬಹುಮಟ್ಟಿಗೆ ಈ ಎರಡನೆಯ ಪ್ರಶ್ನೆಯ ಉತ್ತರವನ್ನೇ ಅವಲಂಬಿಸಿದೆ. ಆದುದರಿಂದ ಕನ್ನಡ ನಾಡಿನಲ್ಲಿ ಗುರುವಿಗೆ ಗುರುಗಳಾದವರು ಯಾರು, ಆ ಏರ್ಪಾಡು ಎಲ್ಲಿ ಬೆಳೆಯಿತು, ಎಲ್ಲಿ ಬೆಳೆಯಲಿಲ್ಲ ಎಂಬುದನ್ನು ಸ್ವಲ್ಪ ವಿಚಾರಿಸುವುದು ಪ್ರಯೋಜನಕರ.

ಈ ವಿಚಾರಣೆಗೆ ರಾಯಚೂರು ಸೀಮೆ ಒಳ್ಳೆಯ ನೆಲೆ. ರಾಯಚೂರಿನಿಂದ ಮಾನ್ವಿಯ ಮೇಲೆ ಸಿಂಧನೂರಿಗೆ ಹೋಗುವ ದಾರಿಯಲ್ಲಿ ಜವಳಗೇರಾ ಎಂಬ ಊರಿದೆ. ಕಪ್ಪು ಎರೆಯ ನೆಲ. ಕೃಷ್ಣೆ ತುಂಗಭದ್ರೆಗಳ ನಡುವಣ ಸೀಮೆ. ಅಲ್ಲಿಗೆ ಹೆಚ್ಚು ದೂರವಲ್ಲದ ಮಸ್ಕಿಯಲ್ಲಿ, ಅಶೋಕನ ಹೆಸರನ್ನೇ ಸ್ಪಷ್ಟವಾಗಿ ಕೊರೆದಿರುವ ಬಂಡೆಗಲ್ಲಿನ ಶಾಸನವು ೧೯೧೫ರಲ್ಲಿ ಬೆಳಕಿಗೆ ಬಂದಿತು. ಆ ಶಾಸನದ ಭಾಷೆ ಪ್ರಾಕೃತ. ಅರಸರ ಕಡೆಯಿಂದ ಬಂದ ಮಾತು ಒಂದು ಭಾಷೆಯಲ್ಲಿ, ಮನೆಯ ಮಾತು ಇನ್ನೊಂದರಲ್ಲಿ ಎಂಬ ಸ್ಥಿತಿ ಈ ನೆಲಕ್ಕೆ ಹೊಸದಲ್ಲ. ಮುಂದೆ ಪಾರಸಿ, ಉರ್ದು, ಇಂಗ್ಲಿಷು ಹೀಗೆ ಹೆಸರು ಬದಲಾದವು. ಸಮಸ್ಯೆ ಅದೇ ಉಳಿಯಿತು.

ಮೊದಲು ಹೊಳೆಯ ದಕ್ಷಿಣ ದಡವನ್ನು ನೋಡೋಣ. ಸಿಂಧನೂರಿನಿಂದ ತುಂಗಭದ್ರೆಯನ್ನು ದಾಟಿದರೆ ಬಳ್ಳಾರಿ ಜಿಲ್ಲೆ. ಅದು ಆಗ ಮದರಾಸು ಸರ್ಕಾರಕ್ಕೆ ಸೇರಿತ್ತು. ಅಲ್ಲಿಯ ಕಲೆಕ್ಟರರಾಗಿದ್ದ ಎ. ಡಿ. ಕ್ಯಾಂಬೆಲ್ ಎಂಬವರು ೧೮೨೩ರಲ್ಲಿ ಊರ ಶಾಲೆಗಳನ್ನು ಕುರಿತು ಒಂದು ವರದಿಯನ್ನು ಬರೆದರು. ಜಿಲ್ಲೆಯ ಜನಸಂಖ್ಯೆ ೯,೨೭,೮೫೭, ಶಾಲೆಗಳು ೫೩೩, ಓದುವ ಮಕ್ಕಳು ೬,೬೪೧. ಎಂದರೆ ಶಾಲೆಯೊಂದಕ್ಕೆ ಸುಮಾರು ಹನ್ನೆರಡು ಮಕ್ಕಳು. ಸಾವಿರ ಜನರಲ್ಲಿ ಏಳು ಮಂದಿಯೂ ಶಾಲೆಯಲ್ಲಿರಲಿಲ್ಲ. ಶಾಲೆಗಳ ಪೈಕಿ ೨೩೫ ಕನ್ನಡದವು, ೨೨೬ ತೆಲುಗಿನವು. ಉಳಿದವು ಮರಾಠಿ, ಪಾರಸಿ, ಸಂಸ್ಕೃತ ಮೊದಲಾದುವು. ಅಷ್ಟು ಮಕ್ಕಳಲ್ಲಿ ಹುಡುಗಿಯರು ಬರಿಯ ಅರುವತ್ತು.

ಆ ಶಾಲೆಯ ದಿನಚರಿಯನ್ನೂ ಕ್ಯಾಂಬೆಲ್ಲರು ವರ್ಣಿಸಿದ್ದಾರೆ. ಬೆಳಗಿನ ಆರು ಗಂಟೆಗೆ ಶಾಲೆ. ಮೊದಲು ಬಂದ ಹುಡುಗನ ಅಂಗೈಯಲ್ಲಿ ಗೌರವಾರ್ಥವಾಗಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರು. ಎರಡನೆಯವನ ಕೈಯಲ್ಲಿ ಒಂದು ಸೊನ್ನೆ. ಅವನಿಗೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು; ಆಮೇಲೆ ಬಂದವರಿಗೆ ಒಂದೊಂದು ಹೆಚ್ಚು. ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರವನ್ನು ತಿದ್ದುತ್ತಿದ್ದರು. ಮುಂದುವರಿದ ಹುಡುಗರು ಹಿಂದಿನವರಿಗೆ ಹೇಳಿಕೊಡುತ್ತಿದ್ದರು. ಹಾಗೆ ಹೇಳಿಕೊಡುವಾಗ ತಮ್ಮ ಪಾಠವನ್ನೂ ಗಟ್ಟಿಮಾಡಿಕೊಳ್ಳುತ್ತಿದ್ದರು. ಈ ಕ್ರಮವನ್ನು ಕಲೆಕ್ಟರರು ಮೆಚ್ಚಿಕೊಂಡರು. ಇಂಗ್ಲೆಂಡಿನವರು ಇದನ್ನು ಅನುಸರಿಸಿದ್ದು ಯುಕ್ತವೇ ಎಂಬ ಅಭಿಪ್ರಾಯವನ್ನು ಕೊಟ್ಟರು.

ಇಂಗ್ಲೆಂಡಿನವರು ನಮ್ಮ ಐಗಳ ಮಠವನ್ನು ಅನುಸರಿಸಿದರೇ ಎಂದು ಓದುಗರು ಹುಬ್ಬೇರಿಸಬಹುದು. ಸಂಗತಿ ನಿಜ. ಮದರಾಸಿನ ಎಗ್ಮೂರಿನಲ್ಲಿ ಅನಾಥ ಬಾಲಕರ ಶಾಲೆಯೊಂದಿತ್ತು. ೧೭೮೯ರಲ್ಲಿ ಅದರ ಮೇಲ್ವಿಚಾರಣೆಯನ್ನು ವಹಿಸಿಕೊಂಡ ಆಂಡ್ರ್ಯೂ ಬೆಲ್ ಎಂಬ ಪಾದ್ರಿಗಳು ಒಂದು ದಿನ ದೇಶೀ ಶಾಲೆಯ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡರು. ತಮ್ಮ ಶಾಲೆಯಲ್ಲಿಯೂ ಹಾಗೆ ಮಾಡಿಸಲು ಹೊರಟರೆ ಅಲ್ಲಿಯ ಉಪಾಧ್ಯಾಯರು ಒಪ್ಪಲಿಲ್ಲ. ಆಗ ಬೆಲ್ಲರು ಎಂಟು ವರ್ಷದ ಒಬ್ಬ ಹುಡುಗನಿಗೇ ಅಕ್ಷರ ತರಗತಿಯನ್ನು ಒಪ್ಪಿಸಿದರು. ಪ್ರಯೋಗ ಫಲಿಸಿತು. ೧೭೯೭ರಲ್ಲಿ ಅವರು ಇದನ್ನು ಕುರಿತು ಪುಸ್ತಕ ಬರೆದರು. ‘ಮದರಾಸು ಪದ್ಧತಿ’ ಎಂಬ ಹೆಸರಿನಿಂದ ಅದು ಇಂಗ್ಲೆಂಡಿನ ನೂರಾರು ಶಾಲೆಗಳಿಗೆ ಹಬ್ಬಿತು.

ಹಾಗೆಂದು ನಮ್ಮ ಹಳೆಯ ಶಾಲೆಯನ್ನು ಸ್ವರ್ಗವೆಂದು ಭಾವಿಸಬೇಕಾಗಿಲ್ಲ. ಅದೇ ವರದಿ ಅದರ ಕೊರತೆಯನ್ನೂ ಹೇಳುತ್ತದೆ. ಮಕ್ಕಳು ಬಾಯಿಪಾಠ ಮಾಡುತ್ತಿದ್ದ ಪದ್ಯಗಳ ಭಾಷೆ ಅವರು ಆಡುವ ಭಾಷೆಯಲ್ಲ. ಅರ್ಥವಾಗದೆ ಗಿಳಿಯ ಹಾಗೆ ಒಪ್ಪಿಸುತ್ತಿದ್ದರು. ಅನೇಕ ವೇಳೆ ಉಪಾಧ್ಯಾಯರಿಗೂ ಅರ್ಥ ತಿಳಿಯದು. ಇನ್ನೊಂದು ಮಾತು ಇನ್ನೂ ಕಠಿನವಾದುದು. ಸೀಮೆಯ ಬಟ್ಟೆ ಬಂದು ನೇಯ್ಗೆಯ ಕಸಬು ಕುಂದಿದ್ದರಿಂದ ಬಡವರು ಮಕ್ಕಳನ್ನು ಎಳೆಯ ವಯಸ್ಸಿನಲ್ಲಿಯೇ ಕೆಲಸಕ್ಕೆ ಹಚ್ಚುತ್ತಿದ್ದರು. ಮೊದಲು ಶಾಲೆಯಿದ್ದ ಊರುಗಳಲ್ಲಿ ಶಾಲೆ ಮುಚ್ಚುತ್ತಿತ್ತು. ಐಗಳಿಗೆ ಜಾಣ್ಮೆಯ ವಿಧಾನ ಉಂಟು. ಆದರೆ ಆ ವಿಧಾನವನ್ನು ತಿದ್ದಿ ಬೆಳೆಸುವ ನೆಲೆಯಿಲ್ಲ. ತಂದೆಯಿಂದ ಮಗ ಕಲಿತರೆ ಕಲಿತ, ಇಲ್ಲವಾದರೆ ಇಲ್ಲ.

ಆ ನೆಲೆ ದೊರೆತದ್ದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ೧೮೫೪ರಲ್ಲಿ ಚಾರ್ಲ್ಸ್ ವುಡ್ ಅವರ ಹೆಸರಿನ ಶಿಕ್ಷಣಪತ್ರವು ವಿಲಾಯಿತಿಯಿಂದ ಬಂದಿತು. ಪ್ರತಿಯೊಂದು ಪ್ರಾಂತ್ಯದಲ್ಲಿಯೂ ಉಪಾಧ್ಯಾಯರನ್ನು ತಯಾರುಮಾಡುವ ನಾರ್ಮಲ್ ಸ್ಕೂಲುಗಳು ಇರಬೇಕೆಂದು ಅದು ವಿಧಿಸಿತು. ಮುಂಬಯಿ ಪ್ರಾಂತ್ಯದ ಕನ್ನಡ ಜಿಲ್ಲೆಗಳಿಗಾಗಿ ಇಂಥ ಶಾಲೆ ಮೊದಲು ಬೆಳಗಾವಿಯಲ್ಲಿ ತೊಡಗಿ, ೧೮೬೦ರ ದಶಕದಲ್ಲಿ ಧಾರವಾಡದಲ್ಲಿ ನೆಲೆಗೊಂಡಿತು. ಮುಂದೆ ಟ್ರೇನಿಂಗ್ ಕಾಲೇಜೆಂದು ಹೆಸರಾದುದು ಇದೇ.

ಆಗ ಧಾರವಾಡದ ಕಡೆ ಕಚೇರಿಯಲ್ಲಿಯೂ ಶಾಲೆಯಲ್ಲಿಯೂ ಮರಾಠಿಯದೇ ಪ್ರಾಬಲ್ಯ. ಕನ್ನಡದ ಮಗು ಅಕ್ಷರಕ್ಕಾಗಿ ಅನ್ಯಭಾಷೆಯ ಬಾಗಿಲಿಗೆ ಹೋಗಬೇಕಾಗಿತ್ತು. ಇದನ್ನು ತಿರುಗಿಸಿದವರಲ್ಲಿ ಮುಖ್ಯರು ಡೆಪ್ಯುಟಿ ಚನ್ನಬಸಪ್ಪನವರು (೧೮೩೪-೧೮೮೧). ಹೆಸರಿನ ಹಿಂದಿನ ‘ಡೆಪ್ಯುಟಿ’ ಎಂಬುದು ಶಿಕ್ಷಣ ಇಲಾಖೆಯಲ್ಲಿ ಅವರು ಹೊಂದಿದ್ದ ಹುದ್ದೆಯಿಂದ ಬಂದುದು. ಕನ್ನಡ ಶಾಲೆ ಬೇಕೆಂದು ಅರ್ಜಿ ಬರೆದು ಅವರು ಕೈಕಟ್ಟಿ ಕೂಡಲಿಲ್ಲ. ಶಾಲೆ ತೆರೆದರೆ ಮಾಸ್ತರರು ಬೇಕು, ಮಾಸ್ತರರಿಗೆ ತರಬೇತಿ ಬೇಕು, ಕೈಯಲ್ಲಿ ಪುಸ್ತಕ ಬೇಕು ಎಂಬುದನ್ನು ಅವರು ಅರಿತಿದ್ದರು. ಶಿಕ್ಷಕರ ಶಾಲೆಯನ್ನು ಬಲಪಡಿಸಿದರು. ಪಠ್ಯಪುಸ್ತಕಗಳಿಗೆ ದಾರಿ ಮಾಡಿದರು. ವೆಂಕಟ ರಂಗೋ ಕಟ್ಟಿಯವರಂಥ ಸಮರ್ಥರು ಅವರ ಜೊತೆಗೂಡಿದರು.

ಇವರ ಕಾಲದಲ್ಲಿಯೇ ಉಪಾಧ್ಯಾಯರಿಗಾಗಿ ‘ಮಠಪತ್ರಿಕೆ’ ಹೊರಟಿತು. ಅಂದಿನ ರೂಢಿಯಲ್ಲಿ ಮಠವೆಂದರೆ ಶಾಲೆ. ಇದೇ ಪತ್ರಿಕೆ ಮುಂದೆ ‘ಜೀವನ ಶಿಕ್ಷಣ’ ಎಂಬ ಹೆಸರನ್ನು ತಳೆಯಿತು. ಹಳ್ಳಿಯ ಒಂಟಿ ಮಾಸ್ತರನ ಸ್ಥಿತಿಯನ್ನು ನೆನೆಯಿರಿ: ಸುತ್ತ ಹತ್ತು ಹರದಾರಿಯಲ್ಲಿ ತನ್ನ ಕಸಬಿನ ಮಾತನ್ನು ಆಡಲು ಇನ್ನೊಬ್ಬನಿಲ್ಲ. ಅಂಥವನ ಕೈಗೆ ಪಾಠದ ವಿಚಾರವನ್ನೇ ಹೇಳುವ ಪತ್ರಿಕೆ ಬರುವುದೆಂದರೆ ಊರಿಗೇ ಒಬ್ಬ ಗುರು ಬಂದ ಹಾಗೆ. ತರಬೇತಿಯು ಒಮ್ಮೆ ಪಡೆದು ಪೆಟ್ಟಿಗೆಯಲ್ಲಿ ಇಡುವ ಸರ್ಟಿಫಿಕೇಟಲ್ಲ, ನಿತ್ಯವೂ ನಡೆಯಬೇಕಾದ ವ್ಯವಹಾರ ಎಂಬ ತಿಳಿವಳಿಕೆ ಇದರಲ್ಲಿದೆ.

ಮೈಸೂರು ಸಂಸ್ಥಾನದಲ್ಲಿಯೂ ಇದೇ ಹೊತ್ತಿಗೆ ಕೆಲಸ ನಡೆಯಿತು. ಶಾಸನಗಳ ಸಂಪಾದನೆಯಿಂದ ನಮಗೆಲ್ಲ ಪರಿಚಿತರಾದ ಬಿ. ಎಲ್. ರೈಸ್ ಅವರು ೧೮೬೮ರಲ್ಲಿ ಹೋಬಳಿಗೊಂದು ಶಾಲೆಯ ಯೋಜನೆಯನ್ನು ತಂದರು. ಇದ್ದ ಊರ ಉಪಾಧ್ಯಾಯರನ್ನೇ ನಾರ್ಮಲ್ ಸ್ಕೂಲಿನಲ್ಲಿ ತರಬೇತುಗೊಳಿಸಿ ಶಾಲೆಗೆ ನೇಮಿಸುವುದು ಅದರ ತಿರುಳು.

ಈಗ ಹೊಳೆಯ ಉತ್ತರ ದಡಕ್ಕೆ ಬರೋಣ. ರಾಯಚೂರು ಸೀಮೆ ೧೮೫೩ರಿಂದ ೧೮೬೦ರವರೆಗೆ ಇಂಗ್ಲಿಷರ ಕೈಯಲ್ಲಿದ್ದುದನ್ನು ಬಿಟ್ಟರೆ ನಿಜಾಮರ ಸಂಸ್ಥಾನದಲ್ಲಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಪಾರಸಿಯ ಸ್ಥಾನಕ್ಕೆ ಉರ್ದು ಬಂದಿತು. ೧೯೧೮ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಗಣಿತ, ವಿಜ್ಞಾನ, ವೈದ್ಯ ಎಲ್ಲವನ್ನೂ ಭಾರತದ ಒಂದು ಭಾಷೆಯಲ್ಲಿ ಕಲಿಸಬೇಕೆಂಬ ಸಂಕಲ್ಪ ಅದರದು. ಅದಕ್ಕಾಗಿ ಭಾಷಾಂತರ ಕಚೇರಿಯನ್ನೇ ತೆರೆದು ಗ್ರಂಥಗಳನ್ನು ಸಿದ್ಧಪಡಿಸಿದರು. ಉನ್ನತ ಶಿಕ್ಷಣದ ಚರಿತ್ರೆಯಲ್ಲಿ ಇದೊಂದು ಧೈರ್ಯದ ಹೆಜ್ಜೆ. ಆದರೆ ಆ ಭಾಷೆ ಉರ್ದು. ಕನ್ನಡ, ತೆಲುಗು, ಮರಾಠಿ ಮನೆಗಳ ಮಕ್ಕಳಿಗೆ ಇಂಗ್ಲಿಷಿನ ಬದಲು ಇನ್ನೊಂದು ಬೆಟ್ಟವನ್ನು ಏರಬೇಕಾಯಿತು. ಧಾರವಾಡದಲ್ಲಿ ಬೆಳೆದಂಥ ಕನ್ನಡದ ಗುರುಮನೆ ಈ ಕಡೆ ಬೆಳೆಯಲಿಲ್ಲ. ಕಲಿಸುವವರನ್ನು ತನ್ನ ಭಾಷೆಯಲ್ಲಿ ತಯಾರುಮಾಡಲಾರದ ನಾಡಿನಲ್ಲಿ ಆ ಭಾಷೆ ಅಡುಗೆಮನೆಯಲ್ಲಿ ಉಳಿದೀತೇ ಹೊರತು ತರಗತಿಯನ್ನು ಪ್ರವೇಶಿಸದು.

ಕತ್ತಲೆಯಲ್ಲಿ ಕೆಲವರು ಹಣತೆ ಹಚ್ಚಿದರು. ೧೯೦೭ರಲ್ಲಿ ಗುಲಬರ್ಗದಲ್ಲಿ ನೂತನ ವಿದ್ಯಾಲಯ ಹುಟ್ಟಿತು. ರಾಯಚೂರಿನಲ್ಲಿ ಪಂಡಿತ ತಾರಾನಾಥರು ಹಮ್‌ದರ್ದ್ ಶಾಲೆಯನ್ನು ಕಟ್ಟಿದರು. ಹಮ್‌ದರ್ದ್ ಎಂದರೆ ಇನ್ನೊಬ್ಬರ ನೋವಿನಲ್ಲಿ ಪಾಲುಗೊಳ್ಳುವವನು. ಕನ್ನಡದ ಮಕ್ಕಳ ಏಳಿಗೆಗೆ ದುಡಿದ ಶಾಲೆಗೆ ಉರ್ದು ಬಲ್ಲವರೆಲ್ಲರ ಮನಮುಟ್ಟುವ ಹೆಸರನ್ನಿಟ್ಟ ಅವರ ಉದಾರತೆಯನ್ನು ಗಮನಿಸಬೇಕು. ಜಗಳ ಯಾವ ಭಾಷೆಯೊಡನೆಯೂ ಅಲ್ಲ. ಮಗುವಿಗೆ ತಿಳಿಯದಂತೆ ಕಲಿಸುವುದರೊಡನೆ.

೧೯೪೮ರಲ್ಲಿ ಹೈದರಾಬಾದು ಭಾರತದಲ್ಲಿ ಸೇರಿತು. ೧೯೫೬ರ ನವೆಂಬರ್ ಒಂದರಂದು ರಾಯಚೂರು, ಗುಲಬರ್ಗ, ಬೀದರು ಕನ್ನಡ ನಾಡಿನೊಡನೆ ಒಂದಾದವು. ನಕ್ಷೆ ಒಂದು ದಿನದಲ್ಲಿ ಬದಲಾಗುತ್ತದೆ, ಉಪಾಧ್ಯಾಯ ಒಂದು ದಿನದಲ್ಲಿ ತಯಾರಾಗುವುದಿಲ್ಲ. ನೂರು ವರ್ಷದ ಹಿಂದೆ ಧಾರವಾಡ ಬಿತ್ತಿದ್ದನ್ನು ಇಲ್ಲಿ ಆಗ ಬಿತ್ತಬೇಕಾಯಿತು.

ಆಮೇಲಿನ ಏರ್ಪಾಡುಗಳನ್ನು ಸಂಕ್ಷೇಪವಾಗಿ ಹೇಳಬಹುದು. ೧೯೬೩ರಲ್ಲಿ ಮೈಸೂರಿನಲ್ಲಿ ಪ್ರಾದೇಶಿಕ ಶಿಕ್ಷಣ ಕಾಲೇಜು ತೊಡಗಿತು. ವಿಷಯಜ್ಞಾನವನ್ನೂ ಕಲಿಸುವ ವಿದ್ಯೆಯನ್ನೂ ಒಂದಾಗಿ ನಾಲ್ಕು ವರ್ಷ ಓದಿಸುವ ಕ್ರಮ ಅಲ್ಲಿ ಬಂದಿತು. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ೨೦೩೦ರ ಹೊತ್ತಿಗೆ ಶಿಕ್ಷಕರಿಗೆ ಇರಬೇಕಾದ ಅರ್ಹತೆಯೆಂದು ಹೇಳಿರುವುದು ಇಂಥದೇ ನಾಲ್ಕು ವರ್ಷದ ಓದನ್ನು. ೧೯೮೬ರ ನೀತಿಯ ಫಲವಾಗಿ ಜಿಲ್ಲೆಗೊಂದು ಶಿಕ್ಷಕರ ತರಬೇತಿ ಸಂಸ್ಥೆ ಬಂದಿತು. ರಾಯಚೂರು ಜಿಲ್ಲೆಯ ಸಂಸ್ಥೆ ಯರಮರಸದಲ್ಲಿದೆ. ಕಾಲೇಜಿನ ಅಧ್ಯಾಪಕರಿಗೆ ತರಬೇತಿಯೇಕೆ, ವಿದ್ವತ್ತು ಸಾಲದೇ ಎಂಬ ಭಾವನೆ ಬಹುಕಾಲ ಇತ್ತು. ೧೯೮೭ರಿಂದ ವಿಶ್ವವಿದ್ಯಾನಿಲಯಗಳಲ್ಲಿ ಅಧ್ಯಾಪಕರಿಗಾಗಿಯೇ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳನ್ನು ತೆರೆದ ಮೇಲೆ ಆ ಭಾವನೆ ಸಡಿಲವಾಯಿತು. ೧೯೯೦ರ ದಶಕದಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಯೋಜನೆಯ ಮೊದಲ ಹಂತಕ್ಕೆ ಕರ್ನಾಟಕದಲ್ಲಿ ಆರಿಸಿದ ನಾಲ್ಕು ಜಿಲ್ಲೆಗಳಲ್ಲಿ ರಾಯಚೂರೂ ಒಂದು.

ತರಗತಿಯ ಒಳಗಿನ ಬದಲಾವಣೆಯೆಂದರೆ ‘ನಲಿ-ಕಲಿ’. ೧೯೯೫ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳ ಉಪಾಧ್ಯಾಯರು ಆಂಧ್ರದ ಋಷಿವ್ಯಾಲಿಗೆ ಹೋಗಿ, ಅಲ್ಲಿಯ ಹಳ್ಳಿಶಾಲೆಗಳ ಕ್ರಮವನ್ನು ನೋಡಿ ಬಂದರು. ಬಂದು ತಾವೇ ಕುಳಿತು ಕನ್ನಡದಲ್ಲಿ ಕಾರ್ಡುಗಳನ್ನು ಬರೆದರು. ಪಾಠವನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದರು. ಪ್ರತಿ ಮಗುವೂ ತನ್ನ ಮೆಟ್ಟಿಲಿನಿಂದ ಮುಂದೆ ಹೋಗುತ್ತದೆ. ನಾಲ್ಕು ದಿನ ಶಾಲೆ ತಪ್ಪಿಸಿ ಬಂದರೂ ಬಿಟ್ಟಲ್ಲಿಂದ ಹಿಡಿಯಬಹುದು. ಮಕ್ಕಳು ಐದು ಗುಂಪಾಗಿ ನೆಲದ ಮೇಲೆ ಕೂಡುತ್ತಾರೆ: ಉಪಾಧ್ಯಾಯರ ಪೂರ್ಣ ನೆರವು ಬೇಕಾದವರು, ಸ್ವಲ್ಪ ನೆರವು ಬೇಕಾದವರು, ಗೆಳೆಯರಿಂದ ಕಲಿಯುವವರು, ಗೆಳೆಯರ ನೆರವು ಸ್ವಲ್ಪವೇ ಸಾಕಾದವರು, ತಾವೇ ಕಲಿಯುವವರು. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಕೈಗೆಟಕುವಂತೆ ಕರಿಹಲಗೆ. ೨೦೦೯-೧೦ರಲ್ಲಿ ಈ ಕ್ರಮವನ್ನು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆ ವಿಸ್ತರಿಸಿದರು.

ಗೆಳೆಯನಿಂದ ಗೆಳೆಯ ಕಲಿಯುವ ಈ ಗುಂಪುಗಳನ್ನು ಕಂಡಾಗ ೧೮೨೩ರ ಬಳ್ಳಾರಿಯ ಮರಳು ನೆನಪಾಗದೆ ಇರದು. ವ್ಯತ್ಯಾಸವಿಷ್ಟೆ: ಅಂದಿನ ಏಟು ಹೋಯಿತು, ಅರ್ಥವಿಲ್ಲದ ಬಾಯಿಪಾಠ ಹೋಯಿತು. ಆದರೆ ಒಂದು ಎಚ್ಚರವೂ ಇಲ್ಲಿದೆ. ಕಾರ್ಡು ಬರೆದ ಉಪಾಧ್ಯಾಯನಿಗೆ ಅದು ತನ್ನ ಕೂಸು. ಮೇಲಿನಿಂದ ಕಾರ್ಡಿನ ಪೆಟ್ಟಿಗೆ ಬಂದರೆ ಅದು ಇನ್ನೊಂದು ಸುತ್ತೋಲೆ. ಬೆಲ್ಲರ ಮದರಾಸು ಪದ್ಧತಿಯೂ ಇಂಗ್ಲೆಂಡಿನಲ್ಲಿ ಕಾಲಕ್ರಮದಲ್ಲಿ ಯಂತ್ರದಂತಾಗಿ ಬಾಡಿತು. ವಿಧಾನ ಎಷ್ಟೇ ಚೆನ್ನಾಗಿರಲಿ, ಅದನ್ನು ಬಳಸುವವನಿಗೆ ಯೋಚಿಸುವ ಅಧಿಕಾರವಿಲ್ಲದಿದ್ದರೆ ಜೀವ ಉಳಿಯದು.

ಈಗಿನ ಜವಳಗೇರಾ, ಸಿಂಧನೂರಿನ ಸುತ್ತಣ ಶಾಲೆಗಳಲ್ಲಿ ಈ ಮಾತಿಗೆ ವಿಶೇಷ ಅರ್ಥವಿದೆ. ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಮೇಲೆ ತೆಲುಗಿನ ರೈತರು ಕ್ಯಾಂಪುಗಳನ್ನು ಕಟ್ಟಿಕೊಂಡರು. ಸಿಂಧನೂರಿನ ಬಳಿ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರು ನೆಲೆಸಿದರು. ಉರ್ದು ಮಾತಿನ ಮನೆಗಳಿವೆ, ಲಂಬಾಣಿ ತಾಂಡಾಗಳಿವೆ. ಅಂದು ಕನ್ನಡದ ಮಗು ಉರ್ದುವಿನ ಮುಂದೆ ನಿಂತಂತೆ, ಇಂದು ಇನ್ನೊಂದು ಮಾತಿನ ಮಗು ಕನ್ನಡ ಪುಸ್ತಕದ ಮುಂದೆ ನಿಲ್ಲುತ್ತದೆ. ನೀರಾವರಿ ಇಲ್ಲದ ಮಸ್ಕಿ, ಲಿಂಗಸೂಗೂರುಗಳ ಹಳ್ಳಿಗಳಿಂದ ದುಡಿಮೆಗಾಗಿ ಗುಳೆ ಹೋಗುವ ಕುಟುಂಬಗಳೂ ಉಂಟು. ಮಕ್ಕಳೂ ಜೊತೆಗೆ ಹೋಗುತ್ತವೆ. ಕ್ಯಾಂಬೆಲ್ಲರು ಬರೆದ ಎಳೆಯ ಕೈಗಳ ಕಥೆ ಪೂರ್ತಿ ಮುಗಿದಿಲ್ಲ.

ಇಂಥ ತರಗತಿಯಲ್ಲಿ ನಿಲ್ಲುವ ಉಪಾಧ್ಯಾಯರಿಗೆ ವರ್ಷಕ್ಕೊಮ್ಮೆ ಕೆಲವು ದಿನದ ಉಪನ್ಯಾಸ ಸಾಲದು. ಪಕ್ಕದ ಊರಿನ ಉಪಾಧ್ಯಾಯರೊಡನೆ ಕೂಡಿ ತಮ್ಮ ಮಕ್ಕಳ ತೊಡಕನ್ನು ಚರ್ಚಿಸುವ ಬಿಡುವು ಬೇಕು. ತಾಂಡಾದ ಮಗುವಿನ ಒಂದೆರಡು ಮಾತುಗಳನ್ನು ಕಲಿತು ಅದರ ಮೂಲಕ ಕನ್ನಡಕ್ಕೆ ಕರೆತರುವ ಜಾಣ್ಮೆ ಬೇಕು. ಮಠಪತ್ರಿಕೆ ಅಂದು ಮಾಡಿದ ಕೆಲಸವನ್ನು ಇಂದು ಯಾವುದಾದರೂ ರೂಪದಲ್ಲಿ ಯಾರಾದರೂ ಮಾಡುತ್ತಿರಬೇಕು. ಆಕಾಶವಾಣಿಯೂ ‘ಕೇಳಿ ಕಲಿ’ಯಂಥ ಪಾಠಗಳನ್ನು ಶಾಲೆಗಳಿಗೆ ಬಿತ್ತರಿಸಿ ಈ ಹೊರೆಗೆ ಹೆಗಲು ಕೊಟ್ಟದ್ದುಂಟು.

ಮನೆಯಲ್ಲಿರುವ ನಾವು ಮಾಡಬಹುದಾದದ್ದೂ ಒಂದಿದೆ. ಮಗು ಶಾಲೆಯಿಂದ ಬಂದೊಡನೆ ಎಷ್ಟು ಅಂಕ ಬಂದಿತೆಂದು ಕೇಳುವವರು ಬಹಳ. ಇಂದು ಯಾರಿಗೆ ಏನು ಹೇಳಿಕೊಟ್ಟೆ ಎಂದೂ ಒಮ್ಮೆ ಕೇಳಿ ನೋಡಬಹುದು. ಅವರ ಉಪಾಧ್ಯಾಯರು ಸಿಕ್ಕಾಗ, ನಿಮಗೆ ಈ ವರ್ಷ ಏನನ್ನು ಕಲಿಯಲು ಅನುಕೂಲವಾಯಿತೆಂದು ವಿಚಾರಿಸಬಹುದು. ಗುರುವಿನ ಕಲಿಕೆ ಊರಿನ ಕಾಳಜಿಯಾದ ಕಡೆ ಶಾಲೆ ತಾನಾಗಿ ನಿಲ್ಲುತ್ತದೆ.