ಸ್ಪೀಡ್ ಗ್ರಾಫಿಕ್: ಚರಿತ್ರೆಯ ಆಕರವಾಗಿ ಒಂದು ಕ್ಯಾಮರಾ

ಪತ್ರಿಕಾ ಛಾಯಾಚಿತ್ರವನ್ನು ಆಕರವಾಗಿ ಬಳಸುವ ಸಂಶೋಧಕರು ಅದನ್ನು ತೆಗೆದ ಉಪಕರಣವನ್ನೂ ಪರಿಶೀಲಿಸಬೇಕಾಗುತ್ತದೆ. 1912ರಲ್ಲಿ ಅಮೆರಿಕದ ರೋಚೆಸ್ಟರ್ ನಗರದಿಂದ ಹೊರಬಂದ ಸ್ಪೀಡ್ ಗ್ರಾಫಿಕ್ ಕ್ಯಾಮರಾ ಇದಕ್ಕೆ ಉತ್ತಮ ನಿದರ್ಶನ.

ಇದರ ಪ್ರಚಲಿತ ಮಾದರಿಯಲ್ಲಿ ಬಳಕೆಯಾಗುತ್ತಿದ್ದುದು 4×5 ಇಂಚಿನ ಬಿಡಿ ಫಿಲ್ಮ್ ಹಾಳೆ. ಸಾಮಾನ್ಯ ಹೋಲ್ಡರ್‌ನಲ್ಲಿ ಬದಿಗೊಂದರಂತೆ ಎರಡೇ ಹಾಳೆಗಳಿರುತ್ತಿದ್ದವು. ಗ್ರಾಫ್‌ಮ್ಯಾಟಿಕ್ ಹೋಲ್ಡರ್ ಬಂದ ಮೇಲೆ ಆರು ಹಾಳೆಗಳಿಗೆ ಅವಕಾಶವಾಯಿತು. ಹೀಗಾಗಿ ಯಾವ ಕ್ಷಣವನ್ನು ಸೆರೆಹಿಡಿಯಬೇಕೆಂಬ ನಿರ್ಧಾರದಲ್ಲಿ ಈ ಮಿತಿಯ ಪಾತ್ರವೂ ಇತ್ತು.

ಫ್ಲಾಶ್ ದೀಪದ ಪ್ರಭಾವ ಇನ್ನೂ ಆಳವಾದುದು. ವೀಜಿ ಎಂದು ಹೆಸರಾದ ಆರ್ಥರ್ ಫೆಲಿಗ್ 1930-40ರ ದಶಕಗಳಲ್ಲಿ ತೆಗೆದ ನ್ಯೂಯಾರ್ಕಿನ ರಾತ್ರಿಚಿತ್ರಗಳಲ್ಲಿ ಮುಂಭಾಗ ಪ್ರಖರವಾಗಿದ್ದು, ಹಿನ್ನೆಲೆ ಕತ್ತಲಲ್ಲಿ ಮುಳುಗಿದೆ. ದೂರ ಇಮ್ಮಡಿಯಾದರೆ ದೀಪದ ಬೆಳಕು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಆದುದರಿಂದ ಆ ಕತ್ತಲೆಯನ್ನು ನಗರದ ಸ್ವಭಾವವೆಂದಷ್ಟೇ ಓದಲಾಗದು. ಅದು ದೀಪದ ಮಿತಿಯೂ ಹೌದು.

1977ರ 'ಸ್ಟಾರ್ ವಾರ್ಸ್' ಚಲನಚಿತ್ರದ ಬೆಳಕಿನ ಖಡ್ಗಕ್ಕೆ ಗ್ರಾಫ್ಲೆಕ್ಸ್ ಫ್ಲಾಶ್‌ನ ಹಿಡಿಕೆಯನ್ನು ಬಳಸಲಾಯಿತು. ಅನಂತರ ಸಂಗ್ರಾಹಕರ ಬೇಡಿಕೆಯಿಂದ ಅನೇಕ ಹಿಡಿಕೆಗಳು ತಮ್ಮ ಕ್ಯಾಮರಾಗಳಿಂದ ಬೇರ್ಪಟ್ಟವು. ಹೋಲ್ಡರ್, ದೀಪಗಳಿಲ್ಲದ ಕ್ಯಾಮರಾವನ್ನಷ್ಟೇ ಕಾಪಿಟ್ಟ ಸಂಗ್ರಹಾಲಯದಲ್ಲಿ ಉಳಿಯುವುದು ಅರ್ಧ ಆಕರ ಮಾತ್ರ.