ಗಾಜಿನ ತೊಟ್ಟಿಯೊಳಗಣ ಕಡಲು

ಅಗಸ್ತ್ಯ ಮಹರ್ಷಿಯು ಸಮುದ್ರವನ್ನು ಅಂಗೈಯಲ್ಲಿ ತೆಗೆದುಕೊಂಡು ಆಪೋಶನ ಮಾಡಿದನೆಂದು ಪುರಾಣಗಳು ಹೇಳುತ್ತವೆ. ತಪೋಬಲವಿಲ್ಲದ ಸಾಮಾನ್ಯ ಗೃಹಸ್ಥರು ಅದೇ ಸಮುದ್ರದ ಒಂದು ಅಂಶವನ್ನು ಮನೆಯೊಳಗೆ ತಂದು, ಗಾಜಿನ ತೊಟ್ಟಿಯಲ್ಲಿ ಜೀವದಿಂದ ಇರಿಸಿಕೊಳ್ಳಲು ಹೊರಟ ಕಥೆಯು ಇನ್ನೂರು ವರ್ಷಗಳಷ್ಟು ಹಳೆಯದೂ ಅಲ್ಲ. ಸಿಹಿನೀರಿನ ಮೀನುಗಳನ್ನು ಕೊಳದಲ್ಲಿಯೂ ಕುಂಡದಲ್ಲಿಯೂ ಸಾಕುವುದು ಚೀನ ದೇಶದಲ್ಲಿ ಬಹು ಪ್ರಾಚೀನವಾದ ವಿನೋದ. ಉಪ್ಪುನೀರಿನ ಜೀವಿಗಳ ಸಂಗತಿಯೇ ಬೇರೆ. ಕಡಲಿನಿಂದ ಅಗಲಿದ ಪ್ರಾಣಿಯು ಒಂದೆರಡು ದಿನಗಳಲ್ಲಿ ಸಾಯುವುದು. ಸತ್ತುದರಿಂದ ನೀರು ಕೊಳೆಯುವುದು. ಕೊಳೆತ ನೀರಿನಿಂದ ಉಳಿದುವೂ ಅಳಿಯುವುವು. ಈ ಕಷ್ಟವನ್ನು ದಾಟಿದವರ ಚರಿತ್ರೆಯಲ್ಲಿ ವಿಚಾರಶೀಲರು ಗಮನಿಸಬೇಕಾದ ಒಂದು ಮರ್ಮವಿದೆ. ಪ್ರೀತಿಯು ತಿಳಿವಿಲ್ಲದಿದ್ದಾಗ ತನ್ನ ಪ್ರಿಯವಸ್ತುವನ್ನೇ ಹಾಳುಮಾಡುತ್ತದೆ. ತಿಳಿವಿನೊಡನೆ ಕೂಡಿದಾಗ ಅದನ್ನು ಕಾಪಾಡಲೂ ಬಲ್ಲುದು.

ಈ ಚರಿತ್ರೆಯ ನಾಯಕಸ್ಥಾನವು ಹವಳಕ್ಕೆ ಸಲ್ಲತಕ್ಕದ್ದು. ನವರತ್ನಗಳಲ್ಲಿ ಒಂದಾಗಿ ಅದನ್ನು ಧರಿಸುವವರು ಅದು ಕಲ್ಲೆಂದು ಭಾವಿಸುವುದುಂಟು. ಸಂಸ್ಕೃತದಲ್ಲಿ ಅದಕ್ಕೆ ವಿದ್ರುಮವೆಂದೂ ಪ್ರವಾಳವೆಂದೂ ಹೆಸರು; ದ್ರುಮವೆಂದರೆ ಮರ, ಪ್ರವಾಳವೆಂದರೆ ಚಿಗುರು. ವಸ್ತುತಃ ಅದು ಕಲ್ಲೂ ಅಲ್ಲ, ಗಿಡವೂ ಅಲ್ಲ. ಅಸಂಖ್ಯಾತ ಸಣ್ಣ ಪ್ರಾಣಿಗಳು ಒಟ್ಟಾಗಿ ಬಾಳುತ್ತ, ನೀರಿನಲ್ಲಿ ಕರಗಿರುವ ಸುಣ್ಣದ ಅಂಶದಿಂದ ಕಟ್ಟಿಕೊಂಡ ಮನೆ. ಬೆಚ್ಚನೆಯ ಕಡಲುಗಳಲ್ಲಿ ದಿಬ್ಬಗಳನ್ನು ಕಟ್ಟುವ ಹವಳದ ಮೈಯೊಳಗೆ ಸೂಕ್ಷ್ಮವಾದ ಪಾಚಿಯು ವಾಸಿಸುತ್ತದೆ. ಪಾಚಿಯು ಸೂರ್ಯನ ಬೆಳಕಿನಿಂದ ಆಹಾರವನ್ನು ಸಿದ್ಧಪಡಿಸಿ ಹವಳಕ್ಕೆ ಕೊಡುತ್ತದೆ. ಹವಳವು ಪಾಚಿಗೆ ಆಶ್ರಯವನ್ನು ಕೊಡುತ್ತದೆ.

ಕಡಲಜೀವಿಗಳನ್ನು ಗಾಜಿನ ತೊಟ್ಟಿಯಲ್ಲಿಟ್ಟು ಶಾಸ್ತ್ರೀಯವಾಗಿ ಪರೀಕ್ಷಿಸಿದವರಲ್ಲಿ ಮೊದಲಿಗಳೆಂಬ ಕೀರ್ತಿಯು ಒಬ್ಬ ಸ್ತ್ರೀಗೆ ಸಂದಿದೆ. 1794ರಲ್ಲಿ ಫ್ರಾನ್ಸಿನ ಜುಯಾಕ್ ಎಂಬ ಗ್ರಾಮದಲ್ಲಿ ಜನಿಸಿದ ಜಾನ್ ವಿಲ್‌ಪ್ರೊ ಎಂಬಾಕೆಯು ಪ್ಯಾರಿಸ್ ನಗರದಲ್ಲಿ ಉಡುಪು ಹೊಲಿದು ಜೀವಿಸುತ್ತಿದ್ದವಳು. ಜೇಮ್ಸ್ ಪವರ್ ಎಂಬ ವರ್ತಕನನ್ನು ವಿವಾಹವಾಗಿ ಸಿಸಿಲಿ ದ್ವೀಪದ ಮೆಸ್ಸೀನಾ ಪಟ್ಟಣವನ್ನು ಸೇರಿದಳು. ಅಷ್ಟಪದಿಯ ಜಾತಿಗೆ ಸೇರಿದ ಆರ್ಗೊನಾಟ್ ಎಂಬ ಪ್ರಾಣಿಯು ತನ್ನ ಚಿಪ್ಪನ್ನು ತಾನೇ ರಚಿಸುವುದೋ, ಅಥವಾ ಬೇರೊಂದರ ಚಿಪ್ಪನ್ನು ಆಕ್ರಮಿಸುವುದೋ ಎಂಬ ವಾದವು ಆಗ ಪಂಡಿತರಲ್ಲಿ ನಡೆದಿತ್ತು. 1832ರಿಂದ ಆಕೆಯು ಗಾಜಿನ ತೊಟ್ಟಿಗಳಲ್ಲಿ ಆ ಪ್ರಾಣಿಯನ್ನಿರಿಸಿ, ಮರಿಯು ಚಿಪ್ಪನ್ನು ಸ್ವತಃ ನಿರ್ಮಿಸುವುದನ್ನೂ ಮುರಿದ ಭಾಗವನ್ನು ತಾನೇ ಸರಿಪಡಿಸಿಕೊಳ್ಳುವುದನ್ನೂ ಕಣ್ಣಾರೆ ಕಂಡು ವಾದವನ್ನು ಮುಗಿಸಿದಳು.

ಮೆಸ್ಸೀನಾದಲ್ಲಿ ಸಮುದ್ರವು ಮನೆಯ ಬಾಗಿಲಲ್ಲಿಯೇ ಇತ್ತು. ದೂರದ ಪಟ್ಟಣದಲ್ಲಿ ಕಡಲಜೀವಿಗಳನ್ನು ಉಳಿಸಿದ ಯಶಸ್ಸು ಆನ್ನ ಥಿನ್ ಎಂಬ ಆಂಗ್ಲ ಮಹಿಳೆಯದು. 1846ರಲ್ಲಿ ಆಕೆಯು ಟಾರ್ಕೀ ಎಂಬ ತೀರದಲ್ಲಿ ಸಣ್ಣ ಹವಳಗಳನ್ನು ಕಂಡು ಮನಸೋತು, ಪ್ರಯಾಣದಲ್ಲಿ ಅವು ಒಂದಕ್ಕೊಂದು ತಾಗಿ ಕೆಡದಂತೆ ಸೂಜಿದಾರದಿಂದ ಸ್ಪಂಜಿಗೆ ಹೊಲಿದು, ನೀರು ತುಂಬಿದ ಜಾಡಿಯಲ್ಲಿರಿಸಿ ಲಂಡನ್ನಿಗೆ ತಂದಳು. ಸಮುದ್ರದ ನೀರನ್ನು ಆಗಾಗ ತರಿಸುವುದು ಕಷ್ಟವಾಗಲು, ಇದ್ದ ನೀರನ್ನೇ ತೆರೆದ ಕಿಟಕಿಯೆದುರಿನಲ್ಲಿ ಪಾತ್ರೆಯಿಂದ ಪಾತ್ರೆಗೆ ಸುರಿದು ಗಾಳಿಗೊಡ್ಡುವ ಉಪಾಯವನ್ನು ಕಂಡುಕೊಂಡಳು. ದಿನವೂ ಅರ್ಧ ಗಂಟೆಗೆ ಮೀರಿ ಈ ಕೆಲಸವು ನಡೆಯಬೇಕಾಗಿತ್ತು. ಕೀರ್ತಿಯು ಒಡತಿಗೆ ಸಂದಿತು. ನೀರೆತ್ತಿ ಹೊಯ್ದ ಕೈಗಳು ಮನೆಯ ಪರಿಚಾರಿಕೆಯವು. ಮರುವರ್ಷ ಕಡಲಿನ ಸಸ್ಯಗಳನ್ನೂ ನೀರಿನಲ್ಲಿ ಸೇರಿಸಲು, ಹವಳಗಳು ಬದುಕಿ ಮರಿಗಳನ್ನೂ ಪಡೆದುವು.

ಸಸ್ಯದಿಂದ ಪ್ರಾಣಿಗೆ ಉಪಕಾರವಾದುದು ಏತಕ್ಕೆಂಬುದನ್ನು ರಸಾಯನಶಾಸ್ತ್ರವು ವಿವರಿಸಿತು. ಹಸುರು ಸಸ್ಯವು ಬೆಳಕಿನಲ್ಲಿ ಅಂಗಾರಾಮ್ಲವಾಯುವನ್ನು ಹೀರಿ ಆಮ್ಲಜನಕವನ್ನು ಬಿಡುತ್ತದೆ. ಲಂಡನ್ನಿನ ರಾಬರ್ಟ್ ವಾರಿಂಗ್‌ಟನ್ ಎಂಬ ರಸಾಯನಶಾಸ್ತ್ರಜ್ಞನು ಸಿಹಿನೀರಿನ ಪಾತ್ರೆಯೊಂದರಲ್ಲಿ ಎರಡು ಹೊಂಬಣ್ಣದ ಮೀನುಗಳನ್ನೂ ಒಂದು ಜಲಸಸ್ಯವನ್ನೂ ಇರಿಸಿದನು. ಸಸ್ಯದ ಎಲೆಗಳು ಕೊಳೆತು ನೀರು ಕೆಡಲು, ಕೊಳೆತುದನ್ನು ತಿನ್ನುವ ಬಸವನಹುಳುಗಳನ್ನು ಬಿಟ್ಟನು, ನೀರು ತಿಳಿಯಾಯಿತು. ಮೀನು, ಸಸ್ಯ, ಹುಳು ಇವು ಮೂರೂ ಒಂದನ್ನೊಂದು ಪೋಷಿಸುತ್ತವೆಂದು 1850ರಲ್ಲಿ ಪ್ರಕಟಿಸಿದನು.

ಈ ತತ್ತ್ವವನ್ನು ಜನಸಾಮಾನ್ಯರಿಗೆ ಮುಟ್ಟಿಸಿದವನು ಫಿಲಿಪ್ ಹೆನ್ರಿ ಗಾಸ್. 1853ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಲಯವು ತೆರೆಯಿತು. ಅದಕ್ಕೆ ಕಡಲಜೀವಿಗಳನ್ನು ಒದಗಿಸಿದವರಲ್ಲಿ ಈತನೂ ಒಬ್ಬನು. 1854ರಲ್ಲಿ ಈತನು ಬರೆದ ಪುಸ್ತಕದಿಂದ ಆಕ್ವೇರಿಯಂ ಎಂಬ ಹೆಸರೇ ರೂಢಿಗೆ ಬಂದಿತು. ಲವಣಗಳನ್ನು ಬೆರಸಿ ಕೃತಕವಾದ ಸಮುದ್ರಜಲವನ್ನು ತಯಾರಿಸುವ ಕ್ರಮವನ್ನೂ ಈತನು ತಿಳಿಸಿದನು. ಗಾಜಿನ ಮೇಲಿನ ಸುಂಕವು 1845ರಲ್ಲಿಯೇ ರದ್ದಾಗಿತ್ತು. ರೈಲು ದಾರಿಗಳು ಕಡಲತೀರವನ್ನು ಮುಟ್ಟಿದ್ದುವು. ಹೀಗಿರಲು, ಕೈಯಲ್ಲಿ ಜಾಡಿಯನ್ನೂ ಉಳಿಯನ್ನೂ ಹಿಡಿದ ಸಂಸಾರಗಳು ಗುಂಪುಗುಂಪಾಗಿ ತೀರಕ್ಕೆ ಇಳಿದುವು. ಬಂಡೆಗಳ ನಡುವಣ ಮಡುಗಳಲ್ಲಿ ಹೂವಿನಂತೆ ಅರಳಿ ಮುಚ್ಚುವ ಜೀವಿಗಳನ್ನು ಕೆತ್ತಿ ಒಯ್ದರು. ಅವು ಸತ್ತೊಡನೆ ಬೇರೆಯವನ್ನು ತರಲು ಮತ್ತೆ ಬಂದರು. ಸಾವಿರಾರು ವರ್ಷ ಕದಡದೆ ಇದ್ದ ಮಡುಗಳು ಕೆಲವೇ ವರ್ಷಗಳಲ್ಲಿ ಬರಿದಾದುವು. ಸೃಷ್ಟಿಯನ್ನು ಭಕ್ತಿಯಿಂದ ಕಂಡವನ ಪುಸ್ತಕಗಳೇ ಈ ಹಾನಿಗೆ ಕಾರಣವಾದುದು ಆತನಿಗೆ ಬಹಳ ದುಃಖವನ್ನುಂಟುಮಾಡಿತೆಂದು ಮಗನಾದ ಎಡ್ಮಂಡ್ ಗಾಸ್ 1907ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಬರೆದಿದ್ದಾನೆ.

ಮನೆಯ ತೊಟ್ಟಿಗಳ ಈ ಹುಚ್ಚು ಬಹುಕಾಲ ನಿಲ್ಲಲಿಲ್ಲ. ಉಷ್ಣವಲಯದ ಹವಳವಾದರೋ ಮನೆಯ ತೊಟ್ಟಿಯವರಿಗೆ ಇನ್ನೂ ಒಂದು ಶತಮಾನ ಬಹುಮಟ್ಟಿಗೆ ಒಲಿಯದೆಯೇ ಉಳಿಯಿತು. ಆ ದಾರಿಯನ್ನು ತೋರಿಸಿದವರಲ್ಲಿ ಮೊದಲಿಗನು ಜಾವಾ ದ್ವೀಪದ ಜಕಾರ್ತಾ ನಗರದ ಲೀ ಚಿನ್ ಎಂಗ್. ಈತನು ತನ್ನ ಕ್ರಮವನ್ನು 1961ರಲ್ಲಿ ಪ್ರಕಟಿಸಿದನು. ಅದರಲ್ಲಿ ಯಂತ್ರಾಡಂಬರವೇನೂ ಇರಲಿಲ್ಲ: ಸೂರ್ಯನ ಬೆಳಕು, ಸಣ್ಣಗೆ ಬರುವ ಗಾಳಿಯ ಗುಳ್ಳೆಗಳು, ಹವಳದ ದಿಬ್ಬದಿಂದ ತಂದ ಜೀವಶಿಲೆ. ಈ ಶಿಲೆಯ ರಂಧ್ರರಂಧ್ರಗಳಲ್ಲಿಯೂ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ನೆಲಸಿದ್ದು, ಕೊಳೆಯಿಂದ ಹುಟ್ಟುವ ಅಮೋನಿಯಾ ವಿಷವನ್ನು ಪರಿಹರಿಸುತ್ತವೆ. ವಾರಿಂಗ್‌ಟನ್ನನ ಬಸವನಹುಳು ಮಾಡಿದ ಕೆಲಸಕ್ಕೆ ಇಲ್ಲಿ ಇನ್ನೂ ಚಿಕ್ಕ ಸೇವಕರು ದೊರೆತರು.

ಅನಂತರ ಜರ್ಮನಿಯ ಬರ್ಲಿನ್ ನಗರದ ಹವ್ಯಾಸಿಗಳು ಇದೇ ಜೀವಶಿಲೆಯೊಡನೆ ಪ್ರಖರವಾದ ದೀಪವನ್ನೂ ನೀರಿನ ಕೊಳೆಯನ್ನು ನೊರೆಯಾಗಿಸಿ ತೆಗೆಯುವ ಉಪಕರಣವನ್ನೂ ಕೂಡಿಸಿದರು. ಹವಳಕ್ಕೆ ಮನೆ ಕಟ್ಟಲು ಬೇಕಾದ ಸುಣ್ಣದ ಅಂಶವನ್ನು ಸುಣ್ಣದ ತಿಳಿನೀರಿನಿಂದ ಒದಗಿಸುವ ಪದ್ಧತಿಯನ್ನು ಪೀಟರ್ ವಿಲ್ಕೆನ್ಸ್ ಎಂಬಾತನು ಪ್ರಚಾರಕ್ಕೆ ತಂದನು. ಆಗ ತೊಟ್ಟಿಯೊಳಗಿನ ಹವಳವು ಸಾಯದೆ ಉಳಿದುದಲ್ಲದೆ ಕೊಂಬೆಯೊಡೆದು ಬೆಳೆಯತೊಡಗಿತು. ಬೆಳೆದುದನ್ನು ಏನು ಮಾಡಬೇಕು? ಬರ್ಲಿನ್ನಿನ ಡೀಟ್ರಿಕ್ ಸ್ಟ್ಯೂಬರನು ತನ್ನ ತೊಟ್ಟಿಯ ಹವಳದ ಕೊಂಬೆಗಳನ್ನು ಮುರಿದು ಇತರ ಹವ್ಯಾಸಿಗಳಿಗೆ ಹಂಚಿದನು. ದಾಸವಾಳದ ಕಡ್ಡಿಯನ್ನು ನೆರೆಮನೆಯವರು ಕೇಳಿ ಒಯ್ದು ನೆಡುವಂತೆ, ಆ ತುಂಡುಗಳು ತೊಟ್ಟಿಯಿಂದ ತೊಟ್ಟಿಗೆ, ದೇಶದಿಂದ ದೇಶಕ್ಕೆ ಹರಡಿದುವು. ಇಂದು ಊರೂರಿನ ಹವ್ಯಾಸಿ ಸಂಘಗಳಲ್ಲಿ ಈ ವಿನಿಮಯವು ವಾಡಿಕೆಯಾಗಿದೆ. ಒಬ್ಬನ ತೊಟ್ಟಿಯಲ್ಲಿ ಅಳಿದ ತಳಿಯನ್ನು, ಹಿಂದೆ ಅವನಿಂದಲೇ ತುಂಡನ್ನು ಪಡೆದಿದ್ದ ಗೆಳೆಯನು ಹಿಂದಿರುಗಿಸುವುದುಂಟು. ದಾನ ಕೊಟ್ಟುದೇ ದಾತನಿಗೆ ಠೇವಣಿಯಾದುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಆದರೂ ಹಳೆಯ ದೋಷವು ಪೂರ್ಣವಾಗಿ ತೊಲಗಿತೆಂದು ಹೇಳಲಾಗದು. 1960ರ ದಶಕದಲ್ಲಿ ಫಿಲಿಪ್ಪೀನ್ ದ್ವೀಪಗಳಲ್ಲಿ ಅಲಂಕಾರದ ಮೀನುಗಳನ್ನು ಹಿಡಿಯಲು ಸಯನೈಡ್ ವಿಷವನ್ನು ಹವಳದ ಸಂದುಗಳಿಗೆ ಚಿಮ್ಮಿಸುವ ಕ್ರೂರ ಪದ್ಧತಿಯು ಹುಟ್ಟಿತು. ಮೀನು ಮೂರ್ಛೆಗೊಂಡು ಸಿಕ್ಕಿತು, ಹವಳವು ಸತ್ತಿತು. ಇಂತಹ ಹಾನಿಗಳನ್ನು ತಡೆಯಲು ಕಾಯಿದೆಗಳು ಬೇಕಾದುವು. ಭಾರತದಲ್ಲಿ ದಿಬ್ಬ ಕಟ್ಟುವ ಹವಳಗಳೆಲ್ಲವೂ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿದುವು. ಹುಲಿಗೆ ಇರುವ ರಕ್ಷಣೆಯು ಅವಕ್ಕೂ ದೊರೆಯಿತು.

ಈಗ ಕಾಲಚಕ್ರವು ವಿಚಿತ್ರವಾಗಿ ತಿರುಗಿದೆ. ಸಮುದ್ರವೇ ಕಾಯತೊಡಗಿದೆ. ನೀರು ಮಿತಿಮೀರಿ ಬಿಸಿಯಾದಾಗ ಹವಳವು ತನ್ನೊಳಗಿನ ಪಾಚಿಯನ್ನು ಹೊರದೂಡಿ ಬಿಳುಪೇರುತ್ತದೆ. ತಾಪವು ಮುಂದುವರಿದರೆ ಸಾಯುತ್ತದೆ. ಅಮೆರಿಕದ ಫ್ಲಾರಿಡಾ ತೀರದಲ್ಲಿ ಕೆನ್ ನೆಡಿಮೈಯರ್ ಎಂಬಾತನು ತೊಟ್ಟಿಗಳಿಗೆ ಜೀವಶಿಲೆಯನ್ನು ಬೆಳೆಸಿ ಮಾರುತ್ತಿದ್ದವನು. ಆ ಶಿಲೆಗಳ ಮೇಲೆ ತಾನಾಗಿ ಹುಟ್ಟಿದ ಕೊಂಬಿನ ಹವಳವನ್ನು ತುಂಡುಮಾಡಿ ಬೆಳೆಸಿ, ಸಮುದ್ರದಲ್ಲಿ ಮತ್ತೆ ನೆಡುವ ಕೆಲಸಕ್ಕೆ ಕೈಹಾಕಿದನು. 2007ರಲ್ಲಿ ಅದಕ್ಕಾಗಿ ಸಂಸ್ಥೆಯೊಂದನ್ನೂ ಸ್ಥಾಪಿಸಿದನು. 2023ರ ಬೇಸಗೆಯಲ್ಲಿ ಆ ತೀರದ ಆಳವಿಲ್ಲದ ಒಂದು ಕೊಲ್ಲಿಯಲ್ಲಿ ನೀರಿನ ತಾಪವು 38 ಡಿಗ್ರಿ ಸೆಂಟಿಗ್ರೇಡನ್ನು ದಾಟಿತು. ನೆಟ್ಟ ಹವಳಗಳಲ್ಲಿ ಬಹುಭಾಗ ಸತ್ತುವು. ಆ ಸಮಯದಲ್ಲಿ ಸಾವಿರಾರು ತುಂಡುಗಳನ್ನು ಕಡಲಿನಿಂದ ಎತ್ತಿ ತಂದು, ದಡದ ಮೇಲಿನ ತೊಟ್ಟಿಗಳಲ್ಲಿ ತಂಪಾದ ನೀರಿನಲ್ಲಿರಿಸಿ ಉಳಿಸಿದರು.

ಒಂದು ಕಾಲಕ್ಕೆ ತೀರವನ್ನು ಬರಿದುಮಾಡಿದ ತೊಟ್ಟಿಯು ಇಂದು ಕಡಲಿನ ಸಂತಾನಕ್ಕೆ ಆಶ್ರಯವಾಗಿದೆ. ಹಾಗೆಂದು ತೊಟ್ಟಿಯು ಸಮುದ್ರವಾಗಲಾರದು. ದೀಪವು ಒಂದು ದಿನ ಆರಿದರೆ, ನೀರು ಒಂದು ರಾತ್ರಿ ನಿಂತರೆ, ಅದರೊಳಗಿನ ಲೋಕವೇ ಮುಳುಗಬಹುದು. ಬಿತ್ತನೆಯ ಕಾಳನ್ನು ರೈತನು ಕಣಜದಲ್ಲಿ ಕಾದಿರಿಸುವನು. ಆದರೆ ಅವನ ಬಾಳು ಹೊಲದಲ್ಲಿದೆಯೇ ಹೊರತು ಕಣಜದಲ್ಲಿಲ್ಲ. ಪ್ರವಾಳವೆಂಬ ಹೆಸರಿನಲ್ಲಿ ಹಿರಿಯರು ಕಂಡ ಚಿಗುರು ತುಂಡಿನಿಂದಲೂ ಮತ್ತೆ ಬೆಳೆಯಬಲ್ಲುದೆಂಬುದನ್ನು ಹವ್ಯಾಸಿಗಳು ತೋರಿಸಿಕೊಟ್ಟಿದ್ದಾರೆ. ಅದನ್ನು ಹಿಂದಕ್ಕೆ ನೆಡಲು ತಕ್ಕ ಕಡಲನ್ನು ಉಳಿಸುವ ಭಾರವು ಮಾತ್ರ ಹವ್ಯಾಸಿಗಳೊಬ್ಬರದೇ ಅಲ್ಲ, ಮನುಷ್ಯರೆಲ್ಲರದು.