ಹಿತವೂ ರುಚಿಯೂ: ಜೋಳದ ರೊಟ್ಟಿಯ ಊಟ

ವೈದ್ಯರು ಪಥ್ಯ ಹೇಳಿದೊಡನೆ ಊಟದ ಸುಖವೇ ಮುಗಿಯಿತೆಂದು ಮನೆಯ ಹಿರಿಯರು ನೊಂದುಕೊಳ್ಳುವುದುಂಟು. ರುಚಿಯಾದುದೆಲ್ಲ ಕೇಡು, ಹಿತವಾದುದೆಲ್ಲ ಸಪ್ಪೆ ಎಂಬ ಭಾವನೆಯೇ ಇದಕ್ಕೆ ಕಾರಣ. ಮನಸ್ಸಿಗೆ ಒಗ್ಗದ ಪಥ್ಯ ಬಹುಕಾಲ ನಿಲ್ಲದು. ಹಿತಮಿತದ ಆಹಾರದಲ್ಲಿ ಸಂತೋಷವೂ ಇರಬೇಕು. ಉತ್ತರ ಕರ್ನಾಟಕದ ಜೋಳದ ರೊಟ್ಟಿಯ ಊಟ ಇದಕ್ಕೆ ಉತ್ತಮ ನಿದರ್ಶನ.

ತಟ್ಟೆಯ ಹೊಂದಿಕೆ

ಜೋಳದಲ್ಲಿ ನಾರಿನಂಶ ಹೇರಳವಾಗಿದೆ. ಆದರೆ ಅದರ ಸಸಾರಜನಕದಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಹೆಸರು, ಮಡಕಿ, ಕಡಲೆಕಾಳುಗಳಲ್ಲಿ ಅದು ಸಮೃದ್ಧ. ರೊಟ್ಟಿಯೊಡನೆ ಕಾಳಿನ ಪಲ್ಯ ಬಡಿಸುವ ರೂಢಿ ಈ ಕೊರತೆಯನ್ನು ತುಂಬುತ್ತದೆ. ಪುಂಡಿಪಲ್ಯದ ಹುಳಿ, ಹಸಿ ಮೆಂತ್ಯದ ಕಹಿ, ಈರುಳ್ಳಿಯ ಖಾರ, ಗುರೆಳ್ಳು ಚಟ್ನಿಯ ಪರಿಮಳ, ಮೊಸರಿನ ತಂಪು ಇವೆಲ್ಲ ಒಂದೇ ತಟ್ಟೆಯಲ್ಲಿ ಸೇರಿದಾಗ ಕರಿದ ತಿನಿಸಿನ ಹಂಬಲ ತಾನಾಗಿಯೇ ತಗ್ಗುತ್ತದೆ. ಸೊಪ್ಪಿಗೆ ನಿಂಬೆರಸ ಹಿಂಡಿದರೆ ಅದರ ಕಬ್ಬಿಣದಂಶವೂ ದೇಹಕ್ಕೆ ಹೆಚ್ಚು ದಕ್ಕುತ್ತದೆ.

ಎಚ್ಚರಿಕೆಯೂ ಅಗತ್ಯ. ಜೋಳವೂ ಪಿಷ್ಟಪದಾರ್ಥವೇ, ಮಧುಮೇಹವುಳ್ಳವರು ರೊಟ್ಟಿಗಳ ಸಂಖ್ಯೆಯನ್ನು ವೈದ್ಯರೊಡನೆ ನಿಶ್ಚಯಿಸಿಕೊಳ್ಳಬೇಕು.

ಉಪ್ಪಿನ ಮಿತಿ

ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದೊಳಗೆ, ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿಗಳಲ್ಲಿರುವುದೂ ಈ ಲೆಕ್ಕಕ್ಕೆ ಸೇರುತ್ತದೆ. ಒಮ್ಮೆಲೇ ಬಿಡದೆ ಸ್ವಲ್ಪಸ್ವಲ್ಪವಾಗಿ ತಗ್ಗಿಸಿದರೆ ಕೆಲವು ವಾರಗಳಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ. ಹುಣಸೆ, ಜೀರಿಗೆ, ಬೆಳ್ಳುಳ್ಳಿಗಳು ರುಚಿಯನ್ನು ಕಾಯುತ್ತವೆ.

ಉಣ್ಣುವ ಬಗೆ

ಹೊಟ್ಟೆ ತುಂಬಿದ ಅರಿವು ಮೂಡಲು ಸುಮಾರು 20 ನಿಮಿಷ ಬೇಕು. ರೊಟ್ಟಿಯನ್ನು ಚೆನ್ನಾಗಿ ಅಗಿದೇ ತಿನ್ನಬೇಕಾದುದರಿಂದ ಊಟ ತಾನಾಗಿಯೇ ನಿಧಾನವಾಗುತ್ತದೆ, ಜೋಳದ ಸಹಜ ಸಿಹಿಯೂ ತಿಳಿಯುತ್ತದೆ. ಮೊಬೈಲ್ ನೋಡುತ್ತ ಉಂಡವರಿಗೆ ರುಚಿಯೂ ತಿಳಿಯದು, ಮಿತಿಯೂ ತಿಳಿಯದು. ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಪ್ರಸಾದವನ್ನು ಚೆಲ್ಲಬಾರದೆಂದು ಬೇಕಾದಷ್ಟನ್ನೇ ನೀಡಿಸಿಕೊಳ್ಳುವ ನಮ್ಮ ಸಂಸ್ಕಾರವು ಆರೋಗ್ಯದ ನಿಯಮವೂ ಹೌದು. ಹಬ್ಬದ ಹೋಳಿಗೆಯನ್ನು ತೊರೆಯಬೇಕಿಲ್ಲ. ಅದನ್ನು ಹಬ್ಬಕ್ಕೇ ಮೀಸಲಿಟ್ಟರೆ ಅದರ ಸವಿ ಹೆಚ್ಚುತ್ತದೆ.

ಪಥ್ಯದವರಿಗೆ ಬೇರೆ ಅಡುಗೆ ಮಾಡಿ ಅವರನ್ನು ಪಂಕ್ತಿಯಿಂದ ದೂರವಿಡುವುದು ಬೇಡ. ಅವರಿಗೆ ಹಿತವಾದ ಊಟವು ಬಹುಮಟ್ಟಿಗೆ ಮನೆಯವರೆಲ್ಲರಿಗೂ ಹಿತವೇ. ಮಕ್ಕಳು, ಹಿರಿಯರು ಒಟ್ಟಿಗೆ ಕುಳಿತು ಅದನ್ನೇ ಉಂಡರೆ ಪಥ್ಯವೆಂಬ ಭಾವನೆಯೇ ಮರೆಯಾಗುತ್ತದೆ. ದಿನಕ್ಕೆ ಒಂದು ಹೊತ್ತಾದರೂ ಹೀಗೆ ಸಹಪಂಕ್ತಿಯಲ್ಲಿ ಉಣ್ಣುವ ರೂಢಿಯನ್ನು ನಾವೆಲ್ಲರೂ ನಮ್ಮ ಮನೆಗಳಲ್ಲಿ ಬೆಳೆಸೋಣ.